ಚಳಿಜ್ವರವೇ? ಮೊದಲು ರಕ್ತಪರೀಕ್ಷೆ, ಆಮೇಲೆ ಮಾತ್ರೆ

'ಅಯ್ಯೋ, ಬರೀ ಜ್ವರ ಕಣ್ರೀ. ಒಂದು ಮಾತ್ರೆ ನುಂಗಿ ಮಲಗಿದ್ರೆ ಹೋಗುತ್ತೆ...'

ಈ ಮಾತನ್ನು ನಾವು ಎಷ್ಟು ಸಲ ಹೇಳಿಲ್ಲ! ಮಳೆ ಶುರುವಾಯಿತೆಂದರೆ ಮನೆಯಲ್ಲಿ ಒಬ್ಬರಲ್ಲ ಒಬ್ಬರಿಗೆ ಮೈ ಬಿಸಿ. ಅಡುಗೆಮನೆ ಶೆಲ್ಫಿನ ಡಬ್ಬದಲ್ಲಿ ಹೋದ ವರ್ಷ ಉಳಿದ ಮಾತ್ರೆ ಇದ್ದೇ ಇರುತ್ತದೆ. ಇಲ್ಲದಿದ್ದರೆ ಶುಂಠಿ, ಮೆಣಸು, ತುಳಸಿ ಹಾಕಿ ಕುದಿಸಿದ ಒಂದು ಲೋಟ ಕಷಾಯ. ಅದಕ್ಕೂ ಬಗ್ಗದಿದ್ದರೆ ಮೂಲೆಯ ಮೆಡಿಕಲ್ ಸ್ಟೋರ್. 'ಜ್ವರಕ್ಕೆ ಏನಾದ್ರೂ ಕೊಡಿ' ಅಂದರೆ ನಾಲ್ಕು ಬಣ್ಣದ ಮಾತ್ರೆ ಕತ್ತರಿಸಿ ಪೊಟ್ಟಣ ಕಟ್ಟಿಕೊಡುತ್ತಾರೆ. ಎರಡು ದಿನಕ್ಕೆ ಜ್ವರ ಇಳಿಯಿತೋ, ಅಲ್ಲಿಗೆ ಆ ವಿಷಯ ಮುಗಿಯಿತು.

ಎಷ್ಟೋ ಜ್ವರಗಳು ಹೀಗೇ ಬಂದು ಹೀಗೇ ಹೋಗುತ್ತವೆ, ನಿಜ. ಆದರೆ ಮಲೇರಿಯಾ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಒಂದು ದಿನ ನಡುಗಿಸಿ ಮರುದಿನ ಬಿಟ್ಟುಬಿಡುತ್ತದೆ. ನಿನ್ನೆ ಮೂರು ಕಂಬಳಿ ಹೊದ್ದರೂ ಹಲ್ಲು ಕಟಕಟ ಅನ್ನುತ್ತಿದ್ದವಳು ಇವತ್ತು ಎದ್ದು ಇಡ್ಲಿಗೆ ರುಬ್ಬುತ್ತಾಳೆ. 'ನೋಡಿ, ಕಷಾಯ ಕೆಲಸ ಮಾಡ್ತು' ಅಂತ ಮನೆಯವರೆಲ್ಲ ನಿಶ್ಚಿಂತರಾಗುತ್ತಾರೆ. ನಾಳೆ ಮಧ್ಯಾಹ್ನ ಮತ್ತೆ ಅದೇ ಚಳಿ, ಅದೇ ಕಾವು, ಅದೇ ಬೆವರು! ಹೀಗೆ ವಾರ ಕಳೆದ ಮೇಲೆ 'ಒಂದ್ಸಲ ರಕ್ತ ಪರೀಕ್ಷೆ ಮಾಡಿಸೋಣ್ವಾ?' ಎಂಬ ಮಾತು ಬರುತ್ತದೆ. ಆ ಒಂದು ವಾರ ಎಷ್ಟು ದುಬಾರಿಯಾಗಬಹುದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಕಡೆ ಈಗ ಎಲ್ಲಿದೆ ಮಲೇರಿಯಾ?

ಮೈಸೂರಿನ ಬಹಳಷ್ಟು ಗೃಹಿಣಿಯರು ಕೇಳುವ ಪ್ರಶ್ನೆ ಇದು. ಡೆಂಗಿ, ಚಿಕೂನ್‌ಗುನ್ಯಾ ಗೊತ್ತು. ಮಲೇರಿಯಾ ಅಜ್ಜಿ ಕಾಲದ ಕಾಯಿಲೆ ಎಂದು ನಂಬಿದ್ದೇವೆ. ಆ ನಂಬಿಕೆ ಪೂರ್ತಿ ಸುಳ್ಳೂ ಅಲ್ಲ.

ನಂಜನಗೂಡಿನಿಂದ ಚಾಮರಾಜನಗರದ ಕಡೆಗೆ ಹೊರಟರೆ ಸಿಗುವ ಬದನವಾಳು ನಿಮಗೆ ಗೊತ್ತಿರಬಹುದು. ಹೆಣ್ಣುಮಕ್ಕಳು ನೂಲು ತೆಗೆದು ಬದುಕು ಕಟ್ಟಿಕೊಂಡ, ಗಾಂಧೀಜಿ ಭೇಟಿ ಕೊಟ್ಟ ಖಾದಿ ಕೇಂದ್ರದ ಊರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರ ಸತ್ಯಾಗ್ರಹದಿಂದಾಗಿ ಮತ್ತೆ ಸುದ್ದಿಯಾಯಿತು. ಬದನವಾಳಿನಂಥ ಊರುಗಳಿಂದ ಹಿಡಿದು, ಕಪಿಲೆ ಹೋಗಿ ಕಾವೇರಿಯನ್ನು ಸೇರುವ ತಿರುಮಕೂಡಲು ನರಸೀಪುರದವರೆಗೆ ಕಾಲುವೆ, ಕೆರೆ, ಗದ್ದೆ ಇರುವ ಈ ಸೀಮೆಯ ಹಿರಿಯರನ್ನು ಕೇಳಿ ನೋಡಿ. 'ಮಲೇರಿಯಾ' ಅಂದರೆ ಸುಮ್ಮನಿದ್ದವರು 'ಚಳಿಜ್ವರ' ಅಂದ ಕೂಡಲೇ ಹತ್ತು ಕಥೆ ಹೇಳುತ್ತಾರೆ. ಕಹಿ ಕ್ವಿನೈನ್ ಗುಳಿಗೆ, ಗೋಡೆಗೆ ಹೊಡೆಯುತ್ತಿದ್ದ ಡಿ.ಡಿ.ಟಿ. ವಾಸನೆ, ಬೆರಳಿನಿಂದ ರಕ್ತ ತೆಗೆದು ಗಾಜಿನ ಪಟ್ಟಿಗೆ ಸವರಿಕೊಂಡು, ಬಾಗಿಲ ಪಕ್ಕದ ಗೋಡೆಗೆ ದಿನಾಂಕ ಬರೆದು ಹೋಗುತ್ತಿದ್ದ 'ಮಲೇರಿಯಾದವರು'... ಎಲ್ಲ ನೆನಪಿರುತ್ತದೆ.

ಆಗಿನ ಲೆಕ್ಕ ಕೇಳಿದರೆ ಎದೆ ಝಲ್ ಅನ್ನುತ್ತದೆ. ಸ್ವಾತಂತ್ರ್ಯ ಬಂದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತು, ಸುಮಾರು 8 ಲಕ್ಷ ಮಂದಿ ಸಾಯುತ್ತಿದ್ದರು ಎಂಬ ಅಂದಾಜಿದೆ. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. 1965ರ ಹೊತ್ತಿಗೆ ಪ್ರಕರಣಗಳು ಒಂದು ಲಕ್ಷದ ಆಸುಪಾಸಿಗೆ ಇಳಿದವು. 'ಗೆದ್ದೆವು' ಎಂದು ಎಲ್ಲರೂ ನಿಟ್ಟುಸಿರುಬಿಟ್ಟರು, ಎಚ್ಚರ ಸಡಿಲವಾಯಿತು. 1976ರಲ್ಲಿ ಅದೇ ಸಂಖ್ಯೆ 64 ಲಕ್ಷ ದಾಟಿತು!

ಈಗ ಮತ್ತೆ ಇಳಿದಿದೆ. ಕರ್ನಾಟಕದಲ್ಲಂತೂ ಮೊದಲಿಗೆ ಹೋಲಿಸಿದರೆ ತೀರಾ ಕಡಿಮೆ. 2030ರೊಳಗೆ ದೇಶದಿಂದಲೇ ಅದನ್ನು ಓಡಿಸುವ ಗುರಿ ಇದೆ. ಆದರೆ ರೋಗ ಅಪರೂಪವಾದಾಗ ಇನ್ನೊಂದು ಅಪಾಯ ಶುರುವಾಗುತ್ತದೆ. ಜ್ವರ ಬಂದರೆ ಮನೆಯವರಿಗೆ ಅದು ನೆನಪಿಗೇ ಬರುವುದಿಲ್ಲ. ಅಕ್ಕಪಕ್ಕದವರು 'ವೈರಲ್ ಇರ್ಬೇಕು' ಅನ್ನುತ್ತಾರೆ. ನಾವೂ ಹೂಂ ಅನ್ನುತ್ತೇವೆ. ಚಳಿಜ್ವರ ಮನೆಮಾತಾಗಿದ್ದ ಕಾಲದ ಅಜ್ಜಿ ಮೂರನೇ ದಿನಕ್ಕೇ ಹೆಸರು ಹಿಡಿದು ಹೇಳುತ್ತಿದ್ದಳು. ನಮಗೆ ಆ ಗುರುತು ಮರೆತುಹೋಗಿದೆ.

ಇಂದು ಯಾವ ಊರೂ ದೂರವಲ್ಲ ಎಂಬುದನ್ನೂ ಗಮನಿಸಿ. ಮಗ ಮಂಗಳೂರಿನ ಹಾಸ್ಟೆಲ್‌ನಿಂದ ರಜೆಗೆ ಬರುತ್ತಾನೆ. ಯಜಮಾನರು ಆಫೀಸಿನ ಕೆಲಸಕ್ಕೆ ಒಡಿಶಾಕ್ಕೋ ಛತ್ತೀಸಗಡಕ್ಕೋ ಹೋಗಿ ಬರುತ್ತಾರೆ. ನಂಜನಗೂಡಿನ ಕಾರ್ಖಾನೆಗಳಿಗೆ, ಮೈಸೂರಿನ ಕಟ್ಟಡಗಳಿಗೆ ದೂರದೂರದಿಂದ ಕೂಲಿ ಮಾಡಲು ಜನ ಬಂದಿರುತ್ತಾರೆ. ರೋಗಾಣು ಮನುಷ್ಯನ ರಕ್ತದಲ್ಲಿ ಪ್ರಯಾಣ ಮಾಡುತ್ತದೆ, ಸೊಳ್ಳೆ ಎಲ್ಲ ಕಡೆ ಕಾಯುತ್ತಿರುತ್ತದೆ. ಹಾಗಂತ ಪರಊರಿನವರನ್ನು ಅನುಮಾನದಿಂದ ನೋಡಬೇಕಿಲ್ಲ. ಜ್ವರ ಬಂದವರ ರಕ್ತ ಬೇಗ ಪರೀಕ್ಷೆಯಾಗಬೇಕು, ಅಷ್ಟೆ.

ಮಂಗಳೂರು ಕಲಿಸಿದ ಪಾಠ

ಇದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 1990ರ ದಶಕದಿಂದ ಮಂಗಳೂರು ನಗರ ಮಲೇರಿಯಾದಿಂದ ಬಹಳ ಬಳಲಿತು. ಊರು ಬೆಳೆಯುತ್ತಿತ್ತು, ಎಲ್ಲಿ ನೋಡಿದರೂ ಕಟ್ಟಡ ಕೆಲಸ, ಸಿಮೆಂಟಿಗೆ ಕ್ಯೂರಿಂಗ್ ಎಂದು ನಿಲ್ಲಿಸಿದ ನೀರು, ತೆರೆದ ಟ್ಯಾಂಕು, ಬಾವಿ. ಅಲ್ಲಿನ ಸೊಳ್ಳೆ ಅನಾಫಿಲಿಸ್ ಸ್ಟೆಫೆನ್ಸಿ. ಅದು ಚರಂಡಿ ಕೊಳಕಿಗಿಂತ ನಮ್ಮ ಮನೆಯ ತಿಳಿನೀರನ್ನೇ ಇಷ್ಟಪಡುತ್ತದೆ! 'ನಮ್ಮ ಬೀದಿ ಕ್ಲೀನಾಗಿದೆ, ನಮಗೆ ಯಾಕೆ ಮಲೇರಿಯಾ?' ಎಂದು ಕೇಳುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

2015ರಲ್ಲಿ ಅಲ್ಲಿ ಹೊಸ ವ್ಯವಸ್ಥೆ ಬಂತು. ಪತ್ತೆಯಾದ ರೋಗಿಯ ವಿವರ ಕಂಪ್ಯೂಟರಿಗೆ ಸೇರುತ್ತಿತ್ತು. ಆರೋಗ್ಯ ಕಾರ್ಯಕರ್ತರು ಟ್ಯಾಬ್ಲೆಟ್ ಹಿಡಿದು ಆ ವಿಳಾಸಕ್ಕೇ ಹೋಗಿ ಮಾತ್ರೆ ತೆಗೆದುಕೊಂಡಿದ್ದಾರೆಯೇ, ಸುತ್ತಮುತ್ತ ಯಾರಿಗಾದರೂ ಜ್ವರ ಇದೆಯೇ, ನೀರು ಎಲ್ಲಿ ನಿಂತಿದೆ ಎಂದು ನೋಡುತ್ತಿದ್ದರು. ನಂತರದ ವರ್ಷಗಳಲ್ಲಿ ಅಲ್ಲಿ ಮಲೇರಿಯಾ ಬಹಳ ಇಳಿಯಿತು. ಬೇಗ ಪತ್ತೆ, ಪೂರ್ತಿ ಔಷಧ, ನೀರಿನ ಮೇಲೆ ಕಣ್ಣು... ಈ ಮೂರನ್ನೂ ನಾವು ನಮ್ಮ ಮನೆಯಲ್ಲೇ ಮಾಡಬಹುದಲ್ಲವೇ?

ಜ್ವರ ಬಂದ ದಿನ ಏನು ಮಾಡಬೇಕು?

ಚಳಿ, ನಡುಕ, ಜೋರು ಜ್ವರ, ಆಮೇಲೆ ಬೆವರಿ ಇಳಿಯುವುದು - ಇದು ಪಠ್ಯಪುಸ್ತಕದ ಮಲೇರಿಯಾ. ಎಲ್ಲರಿಗೂ ಹೀಗೇ ಬರುವುದಿಲ್ಲ. ಮೊದಲ ದಿನಗಳಲ್ಲಿ ದಿನವೂ ಜ್ವರ ಇರಬಹುದು. ತಲೆನೋವು, ಮೈಕೈ ನೋವು, ವಾಂತಿ, ಮಕ್ಕಳಲ್ಲಿ ಭೇದಿಯೂ ಕಾಣಿಸಬಹುದು. ನೋಡಿ ಹೇಳಲು ಆಗುವುದಿಲ್ಲ, ರಕ್ತವೇ ಹೇಳಬೇಕು.

• ಜ್ವರ ಬಂದ 24 ಗಂಟೆಯೊಳಗೆ ಡಾಕ್ಟರಿಗೆ ತೋರಿಸಿ, ಮಲೇರಿಯಾ ಪರೀಕ್ಷೆಯನ್ನು ನೀವಾಗಿಯೇ ಕೇಳಿ. ಹಳ್ಳಿಯಲ್ಲಾದರೆ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಆಶಾ ಕಾರ್ಯಕರ್ತೆ. ಪಟ್ಟಣದಲ್ಲಾದರೆ ನಗರ ಆರೋಗ್ಯ ಕೇಂದ್ರ, ನಮ್ಮ ಕ್ಲಿನಿಕ್, ತಾಲ್ಲೂಕು ಆಸ್ಪತ್ರೆ. ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ.

• ಪರೀಕ್ಷೆ ಎರಡು ಬಗೆ. ಗಾಜಿನ ಪಟ್ಟಿಗೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಒಂದು. ಇನ್ನೊಂದು, ಬೆರಳ ತುದಿಯ ಒಂದು ಹನಿ ಸಾಕಾಗುವ ಕಾರ್ಡ್ ಪರೀಕ್ಷೆ. ಅದರ ಫಲಿತಾಂಶ 15-20 ನಿಮಿಷದಲ್ಲಿ ಸಿಗುತ್ತದೆ.

• 'ಏನೂ ಇಲ್ಲ' ಎಂದು ಬಂದರೂ ಜ್ವರ ನಿಲ್ಲದಿದ್ದರೆ ಮರುದಿನ ಮತ್ತೆ ಪರೀಕ್ಷೆ ಮಾಡಿಸಿ. ರೋಗಾಣು ಕಡಿಮೆ ಇದ್ದಾಗ ಒಂದೇ ಸಲಕ್ಕೆ ಸಿಗದೆ ಹೋಗಬಹುದು.

• ಕಳೆದ ಕೆಲವು ತಿಂಗಳಲ್ಲಿ ಎಲ್ಲೆಲ್ಲಿಗೆ ಹೋಗಿದ್ದಿರಿ, ಮನೆಗೆ ಯಾರು ಬಂದಿದ್ದರು ಎಂಬುದನ್ನು ಡಾಕ್ಟರಿಗೆ ಹೇಳಿ. ಸೊಳ್ಳೆ ಕಚ್ಚಿದ ಹತ್ತು ಹದಿನೈದು ದಿನಕ್ಕೆ ಜ್ವರ ಬರುವುದು ಸಾಮಾನ್ಯ. ಒಂದು ಜಾತಿಯದು ತಿಂಗಳುಗಟ್ಟಲೆ ತಡವಾಗಿಯೂ ಬರುತ್ತದೆ.

• ಅಲ್ಲಿಯವರೆಗೆ ಪ್ಯಾರಾಸಿಟಮಾಲ್ ಮಾತ್ರ ಸಾಕು, ಅದೂ ವಯಸ್ಸು ತೂಕಕ್ಕೆ ತಕ್ಕಷ್ಟು. ಬೇರೆ ನೋವಿನ ಮಾತ್ರೆ ಬೇಡ. ಜ್ವರ ಡೆಂಗಿಯಾಗಿದ್ದರೆ ಅವು ರಕ್ತಸ್ರಾವಕ್ಕೆ ದಾರಿ ಮಾಡಬಹುದು. ಪರೀಕ್ಷೆಗೆ ಮೊದಲೇ ಮಲೇರಿಯಾ ಮಾತ್ರೆ ನುಂಗಿದರೆ ರಕ್ತದಲ್ಲಿ ರೋಗಾಣು ಸಿಗದೆ ಹೋಗಬಹುದು, ರೋಗ ಮಾತ್ರ ಒಳಗೇ ಉಳಿಯಬಹುದು.

ಇನ್ನು ಹರಕೆ, ತಾಯಿತ, ದೃಷ್ಟಿ ತೆಗೆಯುವುದು. ನಮ್ಮ ನಂಜುಂಡೇಶ್ವರನೇ ವೈದ್ಯ. ಟಿಪ್ಪು ಸುಲ್ತಾನ್ ಕೂಡ 'ಹಕೀಮ್ ನಂಜುಂಡ' ಎಂದು ಕರೆದನೆಂಬ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹರಕೆ ಹೊರಬೇಡಿ ಎಂದು ಯಾರೂ ಹೇಳುವುದಿಲ್ಲ. ಮೊದಲು ಬೆರಳಿನ ರಕ್ತ ಕೊಟ್ಟು, ಆಮೇಲೆ ಹೊತ್ತುಕೊಳ್ಳಿ. ಉರುಳುಸೇವೆ ಮುಂದಿನ ಸೋಮವಾರದವರೆಗೆ ಕಾಯುತ್ತದೆ, ರೋಗ ಕಾಯುವುದಿಲ್ಲ.

ಜ್ವರ ನಿಂತ ಮೇಲೂ ಮಾತ್ರೆ ಏಕೆ?

ನಮ್ಮಲ್ಲಿ ಮುಖ್ಯವಾಗಿ ಕಾಣುವುದು ಎರಡು ಜಾತಿ. ವೈವ್ಯಾಕ್ಸ್ ಮತ್ತು ಫಾಲ್ಸಿಪ್ಯಾರಮ್. ಯಾವುದು ಎಂದು ಗೊತ್ತಾದರೆ ಮಾತ್ರ ಸರಿಯಾದ ಮಾತ್ರೆ ಕೊಡಲು ಸಾಧ್ಯ.

ಫಾಲ್ಸಿಪ್ಯಾರಮ್ ಆತುರಗಾರ. ಚಿಕಿತ್ಸೆ ತಡವಾದರೆ 24 ಗಂಟೆಯೊಳಗೇ ಗಂಭೀರವಾಗಬಹುದು. ಮಿದುಳು, ಮೂತ್ರಪಿಂಡಗಳಿಗೆ ಪೆಟ್ಟು ಬೀಳಬಹುದು, ಪ್ರಾಣಕ್ಕೂ ಸಂಚಕಾರ. ಇದಕ್ಕೆ ಆರ್ಟೆಮಿಸಿನಿನ್ ಇರುವ ಮಿಶ್ರ ಔಷಧ ಮೂರು ದಿನ. ಈ ಔಷಧವನ್ನು ಚೀನಾದ ಒಂದು ಗಿಡದಿಂದ ಹುಡುಕಿ ತೆಗೆದವರು ತು ಯೂಯೂ ಎಂಬ ಮಹಿಳೆ. ಅದಕ್ಕಾಗಿ 2015ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು.

ವೈವ್ಯಾಕ್ಸ್‌ನದು ಕಳ್ಳಬುದ್ಧಿ. ಕ್ಲೋರೋಕ್ವಿನ್ ಮೂರು ದಿನ ತೆಗೆದುಕೊಂಡರೆ ರಕ್ತದಲ್ಲಿರುವ ರೋಗಾಣು ಸಾಯುತ್ತದೆ, ಜ್ವರ ಇಳಿಯುತ್ತದೆ. ಆದರೆ ಅದರ ಕೆಲವು ಮರಿಗಳು ಯಕೃತ್ತಿನಲ್ಲಿ, ಅಂದರೆ ಲಿವರ್‌ನಲ್ಲಿ, ಮಲಗಿಬಿಟ್ಟಿರುತ್ತವೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಎದ್ದು ಮತ್ತೆ ಜ್ವರ ತರುತ್ತವೆ. ಅವನ್ನು ಮಲಗಿದಲ್ಲೇ ಮುಗಿಸಲು ಪ್ರಿಮಾಕ್ವಿನ್ ಎಂಬ ಮಾತ್ರೆಯನ್ನು 14 ದಿನ ಕೊಡುತ್ತಾರೆ.

ಎಡವಟ್ಟಾಗುವುದು ಇಲ್ಲೇ! ನಾಲ್ಕನೇ ದಿನಕ್ಕೆ ಜ್ವರ ಇಲ್ಲ, ಬಾಯಿ ರುಚಿ ಬಂದಿದೆ, ಮನೆಕೆಲಸ ಕರೆಯುತ್ತಿದೆ. 'ಹುಷಾರಾದೆನಲ್ಲ, ಇನ್ನ್ಯಾಕೆ ಮಾತ್ರೆ? ಉಷ್ಣ ಬೇರೆ' ಎಂದು ಉಳಿದದ್ದನ್ನು ಡಬ್ಬಕ್ಕೆ ಹಾಕುತ್ತೇವೆ, 'ಯಾರಿಗಾದ್ರೂ ಬೇಕಾಗುತ್ತೆ' ಅಂತ. ಎರಡು ತಿಂಗಳ ಮೇಲೆ ಜ್ವರ ಮರುಕಳಿಸಿದಾಗ 'ಆ ಡಾಕ್ಟರ ಕೈಗುಣ ಸರಿಯಿಲ್ಲ' ಎಂದು ಇನ್ನೊಬ್ಬರ ಹತ್ತಿರ ಓಡುತ್ತೇವೆ. ಪ್ರತಿ ಸಲ ಜ್ವರ ಬಂದಾಗಲೂ ರಕ್ತ ಕುಂದುತ್ತದೆ, ಸೊಳ್ಳೆಯ ಮೂಲಕ ಮಕ್ಕಳಿಗೂ ಅಕ್ಕಪಕ್ಕದವರಿಗೂ ಹರಡುವ ದಾರಿ ತೆರೆಯುತ್ತದೆ.

ಅದಕ್ಕೊಂದು ಸುಲಭ ಉಪಾಯ. ಅಡುಗೆಮನೆಯಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಬರೆಯುವ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲೇ ಹದಿನಾಲ್ಕು ದಿನಕ್ಕೆ ಗುರುತು ಹಾಕಿ. ಮಾತ್ರೆ ನುಂಗಿದ ದಿನ ಒಂದು ಗೀಟು. ಹದಿನಾಲ್ಕನೇ ಗೀಟು ಬೀಳುವವರೆಗೆ ಕಾಯಿಲೆ ಮುಗಿದಿಲ್ಲ ಎಂದೇ ತಿಳಿಯಿರಿ.

ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಡಿ. ಗಂಜಿ, ಮೊಸರನ್ನ ಏನಾದರೂ ತಿಂದ ಮೇಲೆ ನುಂಗಿ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಡಾಕ್ಟರನ್ನು ಕೇಳಿ ಮತ್ತೆ ತೆಗೆದುಕೊಳ್ಳಬೇಕಾಗುತ್ತದೆ. ಪ್ರಿಮಾಕ್ವಿನ್ ಎಲ್ಲರಿಗೂ ಅಲ್ಲ: ಗರ್ಭಿಣಿಯರಿಗೆ, ಹಸುಗೂಸುಗಳಿಗೆ ಕೊಡುವುದಿಲ್ಲ. ಮೊಲೆಯೂಡಿಸುವ ತಾಯಂದಿರು ಮೊದಲೇ ಹೇಳಬೇಕು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಿಗೂ ಇದು ಆಗಿಬರುವುದಿಲ್ಲ. ಮಾತ್ರೆ ಶುರುಮಾಡಿದ ಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಮಾತ್ರೆ ನಿಲ್ಲಿಸಿ ಕೂಡಲೇ ಡಾಕ್ಟರನ್ನು ಕಾಣಿ. ಪಕ್ಕದ ಮನೆಯವರಿಗೆ ಬರೆದುಕೊಟ್ಟ ಚೀಟಿ ನಿಮಗೆ ಸಲ್ಲುವುದಿಲ್ಲ ಎನ್ನುವುದು ಇದಕ್ಕೇ.

ಮನೆಯೊಡತಿಗೇ ಜ್ವರ ಬಂದರೆ...

ಮಗುವಿಗೆ ಜ್ವರ ಬಂದರೆ ರಾತ್ರಿಯೇ ಆಟೋ ಹಿಡಿಯುತ್ತೀರಿ. ಯಜಮಾನರಿಗೆ ಬಂದರೆ ಬೆಳಿಗ್ಗೆ ಕ್ಲಿನಿಕ್ಕಿಗೆ ಅಟ್ಟುತ್ತೀರಿ. ಅತ್ತೆಯವರಿಗೆ ಬಂದರೆ ಡಾಕ್ಟರನ್ನು ಮನೆಗೇ ಕರೆಸಿದರೂ ಕರೆಸಿದಿರಿ. ನಿಮಗೇ ಬಂದರೆ? 'ಈ ಹಬ್ಬ ಮುಗೀಲಿ', 'ಮಗಳ ಪರೀಕ್ಷೆ ಮುಗೀಲಿ', 'ನೆಂಟರು ಹೋಗಲಿ...' ಹೌದೋ ಅಲ್ಲವೋ ಹೇಳಿ!

ಒಂದು ದಿನ ಬಿಟ್ಟು ಒಂದು ದಿನ ಬರುವ ಜ್ವರ ಇಂಥ ಮನೆಯೊಡತಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಚಳಿ ಬಂದಾಗ ಕದ ಹಾಕಿಕೊಂಡು ಎರಡು ಗಂಟೆ ಮಲಗುತ್ತಾಳೆ, ಬಿಟ್ಟಾಗ ಎದ್ದು ಒಲೆ ಹಚ್ಚುತ್ತಾಳೆ. ಮನೆಯಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ. ಮೊದಲೇ ರಕ್ತಹೀನತೆ ಇರುವ ನಮ್ಮ ಹೆಂಗಸರಿಗೆ ಇದು ಗಾಯದ ಮೇಲೆ ಬರೆ. ಗರ್ಭಿಣಿಯಾಗಿದ್ದರಂತೂ ಗರ್ಭಪಾತ, ತೂಕ ಕಡಿಮೆಯ ಮಗು, ತಾಯಿಯ ಪ್ರಾಣಕ್ಕೇ ಅಪಾಯ. ಗರ್ಭಿಣಿಗೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆ, ಎರಡನೇ ಮಾತಿಲ್ಲ. ಎಷ್ಟನೇ ತಿಂಗಳು ಎಂಬುದನ್ನು ಮರೆಯದೆ ಹೇಳಿ.

ಮನೆಗೆಲಸಕ್ಕೆ ಬರುವ ಹೆಣ್ಣುಮಗಳ ವಿಷಯವನ್ನೂ ಯೋಚಿಸಿ. 'ಅಕ್ಕಾ, ಮೈ ಸರಿ ಇಲ್ಲ, ನಾಳೆ ಬರಲ್ಲ' ಎಂದರೆ ನಮ್ಮ ಮುಖ ಸಣ್ಣಗಾಗುತ್ತದೆ. ಆಕೆ ರಜೆ ಹಾಕಿದರೆ ಸಂಬಳ ಕಟ್ಟಾಗುತ್ತದೆಂದು ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿ ಬಂದು ಪಾತ್ರೆ ತೊಳೆಯುತ್ತಾಳೆ. ಪರೀಕ್ಷೆ ಉಚಿತ ನಿಜ, ಆದರೆ ಅಲ್ಲಿ ಕಾಯುವ ಅರ್ಧ ದಿನ ಆಕೆಗೆ ಉಚಿತವಲ್ಲ. ಆ ಅರ್ಧ ದಿನದ ಸಂಬಳ ಹಿಡಿಯಬೇಡಿ. 'ರಕ್ತ ತೋರಿಸಿಕೊಂಡು ಬಾ, ಚೀಟಿ ನನಗೂ ತೋರಿಸು' ಅನ್ನಿ. ನಿಮ್ಮ ಕ್ಯಾಲೆಂಡರಿನಲ್ಲಿ ಆಕೆಯ ಹದಿನಾಲ್ಕು ಗೀಟಿಗೂ ಜಾಗ ಇರಲಿ. ಎದುರು ಕಟ್ಟಡದ ಶೆಡ್ಡಿನಲ್ಲಿರುವ ವಾಚ್‌ಮನ್ ಸಂಸಾರಕ್ಕೂ ಇದೇ ಮಾತು ಹೇಳಿ.

ಪೀಪಾಯಿ ಕವುಚಿದ ಡಾಕ್ಟರು

1883ರಲ್ಲಿ ಬೆಂಗಳೂರಿನಲ್ಲಿ ರೊನಾಲ್ಡ್ ರಾಸ್ ಎಂಬ ಎಳೆಯ ಮಿಲಿಟರಿ ಡಾಕ್ಟರಿದ್ದರು. ಅವರ ಬಂಗಲೆಯಲ್ಲಿ ಸೊಳ್ಳೆ ಕಾಟವೋ ಕಾಟ. ಹುಡುಕಿದರೆ ಕಿಟಕಿಯ ಪಕ್ಕದ ಪೀಪಾಯಿ ನೀರಿನಲ್ಲಿ ಮರಿಗಳು! ಪೀಪಾಯಿ ಕವುಚಿದರು, ಕಾಟ ಇಳಿಯಿತು. ಬೇರೆ ಕಡೆಯೂ ಹೀಗೆ ಮಾಡೋಣ ಎಂದರೆ ಅಧಿಕಾರಿಯೊಬ್ಬರು ಒಪ್ಪಲಿಲ್ಲವಂತೆ. ಸೊಳ್ಳೆಯೂ ಸೃಷ್ಟಿಯ ಭಾಗ, ಸಹಿಸಿಕೊಳ್ಳಬೇಕು ಎಂದರಂತೆ. ಅದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡರು. 1902ರಲ್ಲಿ ನೊಬೆಲ್ ಪಡೆದರು. ಅವರು ಅಂದು ಬೆಂಗಳೂರಿನಲ್ಲಿ ಮಾಡಿದ ಕೆಲಸವನ್ನು ನಾವು ವಾರಕ್ಕೊಂದು ಸಲ ಮಾಡಿದರೆ ಸಾಕು.

• ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ಆದ್ದರಿಂದ ವಾರಕ್ಕೊಂದು ದಿನ ಡ್ರಮ್ಮು, ಕೊಳಗ, ಬಕೆಟ್ಟು ಖಾಲಿ ಮಾಡಿ, ಉಜ್ಜಿ, ಒಣಗಿಸಿ ತುಂಬಿಸಿ.
• ಸಂಪು, ಓವರ್‌ಹೆಡ್ ಟ್ಯಾಂಕಿನ ಮುಚ್ಚಳ ಬಿರಿದಿದೆಯೇ ನೋಡಿ. ಟ್ಯಾಂಕಿನಿಂದ ನೀರು ಉಕ್ಕಿ ಹೋಗುವ ಪೈಪಿನ ಬಾಯಿಗೆ ತೆಳು ಬಟ್ಟೆಯೋ ಜಾಲರಿಯೋ ಕಟ್ಟಿ.
• ಬಾವಿ, ತೊಟ್ಟಿ ಇದ್ದರೆ ಗಪ್ಪಿ ಅಥವಾ ಗ್ಯಾಂಬೂಸಿಯಾ ಮೀನು ಬಿಡಿ. ಆರೋಗ್ಯ ಇಲಾಖೆಯವರನ್ನು ಕೇಳಿ ನೋಡಿ.
• ಮಲೇರಿಯಾ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ದೀಪ ಹಚ್ಚುವ ಹೊತ್ತಿಗೆ ಕಿಟಕಿ ಮುಚ್ಚಿ. ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಸೊಳ್ಳೆಪರದೆಯೊಳಗೇ ಮಲಗಲಿ. ಪರದೆ ಹರಿದಿದ್ದರೆ ಹೊಲಿಯಿರಿ, ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ.
• ಜ್ವರ ಬಂದವರನ್ನೂ ಪರದೆಯೊಳಗೇ ಮಲಗಿಸಿ. ಅವರನ್ನು ಕಚ್ಚಿದ ಸೊಳ್ಳೆಯೇ ಮುಂದೆ ರೋಗ ಹರಡುವುದು.

ನಿಮ್ಮ ಪ್ರಶ್ನೆಗೆ ಉತ್ತರ

*ಮಲೇರಿಯಾ ಬಂದವರ ತಟ್ಟೆ, ಲೋಟ ಬೇರೆ ಇಡಬೇಕಾ?*
ಬೇಡ. ಮುಟ್ಟಿದರೆ, ಜೊತೆಯಲ್ಲಿ ಉಂಡರೆ ಹರಡುವುದಿಲ್ಲ.

*ಜ್ವರದಲ್ಲಿ ಊಟ ಬಿಡಬೇಕಾ? ಪಥ್ಯ ಏನು?*
ಉಪವಾಸ ಬೇಡ. ಗಂಜಿ, ರಾಗಿ ಅಂಬಲಿ, ಮೆತ್ತಗಿನ ಅನ್ನ, ತಿಳಿಸಾರು, ಎಳನೀರು, ಮಜ್ಜಿಗೆ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರಿ. ವಾಸಿಯಾದ ಮೇಲೆ ಸೊಪ್ಪು, ಕಾಳು ಹೆಚ್ಚಿಸಿ.

*ಒಂದು ಸಲ ಬಂದರೆ ಮತ್ತೆ ಬರುವುದಿಲ್ಲವಂತೆ?*
ಬರುತ್ತದೆ. ಹಳೆಯದೇ ಮರುಕಳಿಸಬಹುದು, ಹೊಸ ಸೊಳ್ಳೆ ಕಚ್ಚಿಯೂ ಬರಬಹುದು.

*ಲಸಿಕೆ ಬಂದಿದೆಯಂತಲ್ಲ?*
ಪುಣೆಯ ಸೀರಮ್ ಸಂಸ್ಥೆ ತಯಾರಿಸುವ ಆರ್21 ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಶಿಫಾರಸು ಮಾಡಿತು. ಅದು ಮುಖ್ಯವಾಗಿ ಬಳಕೆಯಾಗುತ್ತಿರುವುದು ಆಫ್ರಿಕಾದ ಮಕ್ಕಳಿಗೆ. ನಮಗೆ ಪರದೆ, ಪರೀಕ್ಷೆ, ಪೂರ್ತಿ ಮಾತ್ರೆಗಳೇ ರಕ್ಷೆ.

ತಡಮಾಡದೆ ಆಸ್ಪತ್ರೆಗೆ ಓಡಿ

ಕೆಳಗಿನ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ:

• ಮಂಪರು, ಬಡಬಡಿಕೆ, ಎಬ್ಬಿಸಿದರೂ ಸರಿಯಾಗಿ ಏಳದಿರುವುದು
• ಫಿಟ್ಸ್
• ಏದುಸಿರು
• ನಿಲ್ಲದ ವಾಂತಿ, ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿರುವುದು
• ಮೂತ್ರ ತೀರಾ ಕಡಿಮೆಯಾಗುವುದು ಅಥವಾ ಕಪ್ಪಗಾಗುವುದು
• ಕಣ್ಣು ಹಳದಿಯಾಗುವುದು, ಎಲ್ಲಿಂದಾದರೂ ರಕ್ತ ಒಸರುವುದು
• ಎದ್ದು ಕೂರಲಾಗದಷ್ಟು ನಿಶ್ಶಕ್ತಿ. ಮಗು ಹಾಲು ಕುಡಿಯದಿರುವುದು

ಈ ಪಟ್ಟಿಯನ್ನು ಕತ್ತರಿಸಿ ಅದೇ ಕ್ಯಾಲೆಂಡರಿನ ಪಕ್ಕ ಅಂಟಿಸಿಕೊಳ್ಳಿ. ಊರಿನಲ್ಲಿರುವ ಅಮ್ಮನಿಗೂ ಮುಂದಿನ ಸಲ ಫೋನ್ ಮಾಡಿದಾಗ ಓದಿ ಹೇಳಿ.